ನಾಕೂ ಗಾಲಿ ಎಳದ್ರ ಎರಿ ಹೊಲ ಬಿಡ್ತೈತೇನು?

ಸೀಗಿ ಹುಣ್ಣಿಮಿ ಹತ್ರ ಬಂತು. ಚರಗ ಚೆಲ್ಲಾಕ ಹೊಲಕ್ಕ ಹೋಗೂದು ಈಗ ಚಕ್ಕಡಿ ಮ್ಯಾಲ ಅಲ್ಲ, ದೊಡ್ಡ ಗಾಡಿ ಮ್ಯಾಲ. ನಮ್ಮ ಲಕ್ಕುಂಡಿಯೊಳಗೂ ಓಣಿಗೊಂದು ನಿಂತಾವ. ಅದರಾಗ ಫೋರ್ ವೀಲ್ ಡ್ರೈವ್ ಇದ್ದ ಮನಿ ಹುಡುಗರ ಮಾತೇ ಬ್ಯಾರೆ: "ಎಲ್ಲಿ ಬೇಕಲ್ಲಿ ಹೊಕ್ಕೈತಿ ಅವ್ವಾ, ನೀ ಸುಮ್ನ ಕುಂದ್ರು." ಸುಮ್ನ ಕುಂದ್ರಬಾರದು ಅನ್ನೂದ ನನ್ನ ಮಾತು. ಗಾಡಿ ವಿಷಯ ಗಂಡಸರದು ಅಂತ ಓದೂದು ಬಿಡಬ್ಯಾಡ್ರಿ ಅಕ್ಕಾರ. ಮೊಮ್ಮಕ್ಕಳನ್ನ ತೊಡಿ ಮ್ಯಾಲ ಇಟಗೊಂಡು ಹಿಂದಿನ ಸೀಟಿನ್ಯಾಗ ಕುಂದ್ರಾವ್ರು ನಾವ.

ಸಾದಾ ಗಾಡಿಯೊಳಗ ಎಂಜಿನ್ನಿನ ಜೋರು ಎರಡ ಗಾಲಿಗೆ ಹೋಗತೈತಿ. ಬೊಲೆರೋದಾಗ ಹಿಂದಿನವಕ್ಕ, ಸಣ್ಣ ಕಾರಿನ್ಯಾಗ ಬಹಳ ಮಾಡಿ ಮುಂದಿನವಕ್ಕ. ಫೋರ್ ವೀಲ್ ಗಾಡಿಯೊಳಗ ಗೇರಿನ ಬಾಜೂಕ ಇನ್ನೊಂದು ಸಣ್ಣ ಲಿವರ್ ಇಲ್ಲಾ ಬಟನ್ ಇರತೈತಿ. ಟೂ ಎಚ್ ಅಂದ್ರ ಎರಡ ಗಾಲಿ, ಫೋರ್ ಎಚ್ ಅಂದ್ರ ನಾಕು, ಫೋರ್ ಎಲ್ ಅಂದ್ರ ನಾಕೂ ಗಾಲಿ ಸಾವಕಾಶ, ಆದ್ರ ಭಾಳ ಜೋರಿಂದ. ಇನ್ನೊಂದು ಹೇಳತೀನಿ, ಥಾರ್ ಅಂದಕೂಡ್ಲೇ ಫೋರ್ ವೀಲ್ ಅಲ್ಲ. 2023ರಿಂದ ಹಿಂದಿನ ಎರಡ ಗಾಲಿ ಅಷ್ಟ ಎಳಿಯೂ ಥಾರೂ ಬಂದಾವು. ನೋಡಾಕ ಎರಡೂ ಒಂದ. ಗಂಡಿನ ಕಡೇವ್ರು ಗಾಡಿ ತೋರಿಸಿ ಮೀಸಿ ತಿರುವಿದ್ರ ಸಣ್ಣ ಲಿವರ್ ಐತೇನು ಅಂತ ಮೊದಲ ಕೇಳ್ರಿ!

ಡಾಂಬರ ರಸ್ತೆ ಒಣಗಿದ್ರ ಆ ಲಿವರ್ ಮುಟ್ಟಬಾರದು. ಯಾಕಂತ ನಮ್ಮ ಹುಡುಗರಿಗೆ ಹೇಳಾಕ ಬರೂದಿಲ್ಲ, ನಾ ಹೇಳತೀನಿ. ಗುಡಿ ಸುತ್ತ ಪ್ರದಕ್ಷಿಣಿ ಹಾಕೂವಾಗ ಗ್ವಾಡಿ ಹತ್ರ ಇದ್ದಾಕಿ ಕಡಿಮಿ ನಡಿತಾಳ, ಹೊರಗಿನಾಕಿ ಹೆಚ್ಚು ನಡೀಬೇಕು. ಹೌದಿಲ್ಲೋ? ಗಾಡಿ ತಿರುಗೂವಾಗ ಮುಂದಿನ ಗಾಲಿ ಹಿಂದಿನ ಗಾಲಿಗಿಂತ ಹೆಚ್ಚಿನ ದಾರಿ ತಿರಗತಾವ. ಲಿವರ್ ಹಾಕಿದ್ರ ಮುಂದಿಂದು ಹಿಂದಿಂದು ಒಂದಕ್ಕೊಂದು ಕಟ್ಟಿ ಹಾಕಿದಂಗ, ಇಬ್ಬರೂ ಒಂದ ಲೆಕ್ಕದಾಗ ಹೆಜ್ಜಿ ಇಡಬೇಕು. ರಾಡಿಯೊಳಗ ಗಾಲಿ ಚೂರು ಜಾರಿ ಆ ಲೆಕ್ಕ ಸರಿ ಮಾಡಕೋತಾವ. ಡಾಂಬರದ ಮ್ಯಾಲ ಜಾರಾಕ ಆಗೂದಿಲ್ಲ, ಆ ತ್ರಾಸು ಗೇರಿಗೆ ಬೀಳತೈತಿ. ಸ್ಟೀರಿಂಗ್ ಬಿಗಿಯಾಗತೈತಿ, ಟೈರ್ ತಿಂದುಹೋಗತಾವ, ಒಳಗಿನ ಹಲ್ಲು ಮುರದ್ರ ಒಂದ ಬೆಳಿ ರೊಕ್ಕ ಹೋತು. ತಾನ ಹೊಂದಿಸಿಕೊಂಡು ಸದಾ ನಾಕೂ ಗಾಲಿ ಎಳಿಯೂ ಗಾಡಿ ಬ್ಯಾರೆ ಅದಾವ, ಅವಕ್ಕ ಈ ಮಾತಿಲ್ಲ.

ಇನ್ನ ಹೊಲ. ನಮ್ಮ ಕಡೆ ಎರಿ ಐತಿ, ಮಸಾರಿನೂ ಐತಿ. ಮಸಾರಿ ನೀರ ಇಳಕೊಂಡು ಬಿಡತೈತಿ, ಅಲ್ಲಿ ಗರಸು ದಾರ್ಯಾಗ ಫೋರ್ ಎಚ್ ಹಾಕಿದ್ರ ಗಾಡಿ ಚಂದ ಹೋಗತೈತಿ. ಎರಿ ಭೂಮಿ ಹಂಗಲ್ಲ. ಬ್ಯಾಸಗ್ಯಾಗ ಕೈ ಹೋಗೂವಷ್ಟು ಬಿರುಕು ಬಿಡೂ ನೆಲ ಮಳ್ಯಾಗ ನೀರ ಕುಡದು ಉಬ್ಬತೈತಿ, ಕಣಕ ಆಗತೈತಿ. ಅದು ಟೈರಿನ ಗೆರಿಯೊಳಗ ತುಂಬಿ ಟೈರ್ ಲಟ್ಟಣಿಗಿ ಆಗತೈತಿ ನೋಡ್ರಿ. ಎರಡ ಲಟ್ಟಣಿಗಿ ಜಾರೂ ಜಾಗಾದಾಗ ನಾಕ ಲಟ್ಟಣಿಗಿ ಏನ ಮಾಡತಾವ? ಹೋದ ವರ್ಷ ನಮ್ಮ ಬೀಗರ ಗಾಡಿ ಹಿಂಗ ಸಿಕ್ಕಿತ್ತು. ಹುಡುಗ ಎಕ್ಸಲೇಟರ್ ತುಳದಂಗೆಲ್ಲಾ ಗಾಲಿ ತಗ್ಗು ತೋಡಿ, ಕಡೀಕ ಗಾಡಿ ಹೊಟ್ಟಿ ನೆಲಕ್ಕ ಕುಂತ್ತು. ಟ್ರ್ಯಾಕ್ಟರ್ ಬಂದು ಎಳೀತು. ಟ್ರ್ಯಾಕ್ಟರಿನ ದೊಡ್ಡ ಗಾಲಿಯ ಕಟ್ಟು ಆಳ ಇರತಾವ, ರಾಡಿ ತಾನ ಉದರತೈತಿ, ಹೊಟ್ಟಿನೂ ಮ್ಯಾಲ ಇರತೈತಿ. ಆ ಹಗ್ಗ ಬಿಗಿಯಾದಾಗ ಹುಡುಗ್ರು ನೋಡಾಕ ಹತ್ರ ಓಡಿದ್ರು, ನಾವ ನಾಕ ಮಂದಿ ಹೆಣ್ಮಕ್ಕಳು ಅವರನ್ನ ಜಗ್ಗಿ ದೂರ ನಿಲ್ಲಿಸಿದ್ವಿ. ಹರದ ಹಗ್ಗ ಚಾಬಕದಂಗ ಬರತೈತಿ.

ಹಂಗಂತ ಲಿವರ್ ಸುಳ್ಳ ಅಲ್ಲ. ಸಿಕ್ಕಿದ ಮ್ಯಾಲ ಹಾಕೂದಲ್ಲ, ರಾಡಿ ಶುರು ಆಗೂದ್ರ ಮೊದಲ ಹಾಕೋಬೇಕು. ಗಾಲಿ ಒಂದ ಜಾಗಾದಾಗ ತಿರಗಾಕ ಹತ್ತಿದ್ರ ತುಳಿಯೂದು ಬಿಟ್ಟು ಎಲ್ಲಾರೂ ಇಳೀರಿ. ಗಾಲಿ ಮುಂದಿನ ರಾಡಿ ತಗದು, ಹತ್ತಿ ಕಟಗಿನೋ ಹಳೇ ಚೀಲಾನೋ ಹಾಕಿ, ಬಂದ ಜಾಡಿನ್ಯಾಗ ಹಿಂದಕ್ಕ ಬರೂದು ಚಲೋ. ಫೋರ್ ಎಲ್ ಅಂತೂ ಕಪ್ಪತಗುಡ್ಡದಂಥಾ ಏರಿಗೆ, ಕಡಿದಾದ ಇಳಿಜಾರಿಗೆ, ಗಾಡಿ ಎಳಿಯಾಕ. ಅದನ್ನ ಹಾಕಬೇಕಂದ್ರ ಗಾಡಿ ಸಾಮಾನ್ಯವಾಗಿ ನಿಲ್ಲಸಬೇಕು. ಇಳಿಜಾರಿನ್ಯಾಗ ಬ್ರೇಕ್ ತುಳಿಯೂಕಿಂತ ಎಂಜಿನ್ನ ಗಾಡೀನ ಹಿಡದು ಮೆಲ್ಲಕ ಇಳಸತೈತಿ. ಆದ್ರ ಸಪಾಟ ಜಾರೂ ದಾರ್ಯಾಗ ನಾಕ ಗಾಲಿ ಎಳದ್ರೂ ನಿಲ್ಲಿಸೂದು ಅದ ಬ್ರೇಕು. ಗಾಡಿ ಲಗೂ ಹೊಂಟತೈತಿ ಅಂದಮಾತ್ರಕ್ಕ ಲಗೂ ನಿಲ್ಲೂದಿಲ್ಲ, ಇದು ಹುಡುಗರ ತಲಿಗೆ ಹೋಗವಲ್ಲದು.

ಹಳ್ಳದ ಮಾತು ಬಂದ್ರ ನಾ ಯಾರ ಮಾತೂ ಕೇಳೂದಿಲ್ಲ. ರೋಣ, ನರಗುಂದದ ಕಡೆ ಬೆಣ್ಣಿಹಳ್ಳ ತುಂಬಿದ್ರ ಏನಾಗತೈತಿ ಅಂತ ನಿಮಗೇನು ಹೇಳೂದು. ಹರಿಯೂ ನೀರು ಒಂದ ಅಡಿ ಇದ್ರ ಸಣ್ಣ ಕಾರು ತೇಲತೈತಿ, ಎರಡ ಅಡಿ ಇದ್ರ ದೊಡ್ಡ ಗಾಡಿನೂ ಕೊಚ್ಚಿಕೊಂಡು ಹೋಗತೈತಿ. ಗಾಲಿ ನೆಲ ಬಿಟ್ಟ ಮ್ಯಾಲ ನಾಕ ಇದ್ರೇನು, ಎಂಟ ಇದ್ರೇನು? ಕೆಂಪ ನೀರಿನ ಕೆಳಗ ರಸ್ತೆ ಐತೋ ಕೊಚ್ಚಿ ಹೋಗೇತೋ ಗೊತ್ತಾಗೂದಿಲ್ಲ. ಅಲ್ಲಿ "ಗಾಡಿ ನಿಲ್ಸು, ನಾವ ಇಳಿತೀವಿ" ಅನ್ನಾಕ ಗಾಡಿ ಕಲ್ತಿರಬೇಕಾಗಿಲ್ಲ. ಸೊಸಿ ಅನ್ನಲಿ, ಅತ್ತಿ ಅನ್ನಲಿ, ಇಬ್ಬರೂ ಕೂಡಿ ಅಂದ್ರ ಭಾಳ ಚಲೋ.

ಇನ್ನೊಂದು ಮಾತು ನನ್ನ ಮನಸಿನ್ಯಾಗ ಕೊರಿಯಾಕ ಹತ್ತೇತಿ. ಸೀಗಿ ಹುಣ್ಣಿಮಿ ಅಂದ್ರ ಭೂಮಿತಾಯಿ ಬಸರಿ, ಆಕಿ ಬಯಕಿ ತೀರಿಸೂ ಹಬ್ಬ. ಹಸಿ ಹೊಲದಾಗ ಭಾರದ ಗಾಡಿ ಹಾಸದ್ರ ಮಣ್ಣು ಒತ್ತಿ ಗಟ್ಟಿ ಆಗತೈತಿ, ಆ ಜಾಡಿನ್ಯಾಗ ಬೇರ ಸರಿಯಾಗಿ ಇಳಿಯೂದಿಲ್ಲ, ಬಿತ್ತಿದ ಹಿಂಗಾರಿ ಜ್ವಾಳ ಕಡ್ಲಿ ಸೊರಗತಾವ. ಬಸರಿಗೆ ಕಡಬು ಉಣಸಾಕ ಹೋಗಿ ಆಕಿ ಹೊಟ್ಟಿ ತುಳಿಯೂದು ಇದ್ಯಾವ ಶಾಣ್ಯಾತನ?

ಅದಕ್ಕ ನಮ್ಮನ್ಯಾಗ ಈ ಸಲ ಹಿಂಗ ಮಾತಾಗೇತಿ: ಮಳಿ ಬಂದಿದ್ರ ಗಾಡಿ ಡಾಂಬರ ರಸ್ತೆ ಬಾಜೂಕ ನಿಲ್ತಾವ, ಅಲ್ಲಿಂದ ಬದುವಿನ ಮ್ಯಾಲ ಎಲ್ಲಾರೂ ನಡಕೊಂತ. ಸಣ್ಣ ಕೂಸಿದ್ದವ್ರು, ಮೊಣಕಾಲ ನೋವಿದ್ದವ್ರು ರಸ್ತೆ ಬಾಜೂ ಬನ್ನಿಗಿಡದ ಬುಡಕ ಕುಂದ್ರೂದು, ಬುತ್ತಿ ಅಲ್ಲಿಗೇ ಬರತೈತಿ. ಕಡಬು, ಸಜ್ಜಿ ರೊಟ್ಟಿ, ಪುಂಡಿಪಲ್ಯ, ಬಾನ ಕೂಡಿ ಮೂರು ಬುಟ್ಟಿ ಆಗತಾವ. ಹೊರಾವ್ರು ನಾವು ಇಬ್ಬರ ಅದೀವಿ. ಮೂರನೇದಾಕಿ ಯಾರ ಬರ್ತೀರಿ, ಮೊದಲ ಹೇಳ್ರಿ.