ಗೋಕರ್ಣ ಪ್ರವಾಸ: ಏಕಾಂತದ ಜೊತೆಗೆ ಎಚ್ಚರವೂ ಇರಲಿ

ಜನಜಂಗುಳಿಯಿಲ್ಲದ ಕಡಲತೀರದಲ್ಲಿ ರಜೆ ಕಳೆಯಬಯಸುವ ನಗರವಾಸಿಗಳನ್ನು ಉತ್ತರ ಕನ್ನಡದ ಗೋಕರ್ಣ ಸೆಳೆಯುತ್ತಲೇ ಇದೆ. ಪಟ್ಟಣದ ದಕ್ಷಿಣಕ್ಕೆ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ತೀರಗಳು ಸಾಲಾಗಿವೆ. ಹಾಫ್ ಮೂನ್ ತಲುಪಲು ಕಾಲುದಾರಿ ಅಥವಾ ದೋಣಿಯೇ ಗತಿ. ಅಲ್ಲಿನ ಪ್ರಶಾಂತತೆಗೆ ಕಾರಣವೂ ಇದೇ, ಆಪತ್ತಿನಲ್ಲಿ ನೆರವು ತಡವಾಗುವುದಕ್ಕೆ ಕಾರಣವೂ ಇದೇ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಕಡಲು ಈಜಿಗೆ ಸಲ್ಲದು. ಉಳಿದ ತಿಂಗಳುಗಳೂ ನಿರಪಾಯವಲ್ಲ. 2024ರ ಡಿಸೆಂಬರ್‌ನಲ್ಲಿ ಇದೇ ಜಿಲ್ಲೆಯ ಮುರ್ಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಸಮುದ್ರಪಾಲಾದರು. ಬಳಿಕ ಕಡಲತೀರಕ್ಕೆ ಪ್ರವೇಶವನ್ನೇ ನಿರ್ಬಂಧಿಸಲಾಯಿತು.

ದುರಂತದ ನಂತರ ತೀರ ಮುಚ್ಚುವ ಬದಲು ಮೊದಲೇ ಜೀವರಕ್ಷಕರನ್ನು ನೇಮಿಸಿ, ಅಪಾಯದ ಗಡಿ ಗುರುತಿಸುವುದು ಆಡಳಿತದ ಹೊಣೆ. ಕೊಠಡಿ ಕಾಯ್ದಿರಿಸುವ ಮುನ್ನ ಜೀವರಕ್ಷಕರಿರುವ ತೀರ ಯಾವುದೆಂದು ವಿಚಾರಿಸುವುದು ಪ್ರವಾಸಿಗರ ಹೊಣೆ.