ಮೊದಲ ಮೆಟ್ಟಿಲು ಎಲ್ಲಿಡಬೇಕು?

ಜೋಯಿಡಾದ ಕಾಡಿನಂಚಿನ ಸರ್ಕಾರಿ ಶಾಲೆಯಲ್ಲಿ ಒಂದನೇ ತರಗತಿಗೆ ಸೇರಿದ ಮಗು ಮೊದಲು ಕಲಿಯುವ ಅಕ್ಷರ ‘ಅ’ ಅಲ್ಲ, ‘ರ’. ಆಮೇಲೆ ಗ, ಸ, ದ. ‘ಅ’ ಬರುವುದು ಐದನೆಯದಾಗಿ. ಅ, ಆ, ಇ, ಈ ಎಂದು ರಾಗವಾಗಿ ಒಪ್ಪಿಸಿ ಬೆಳೆದ ಅಜ್ಜನ ಕಣ್ಣಿಗೆ ಇದು ತಲೆಕೆಳಗಾದ ಪಾಠ. ಆದರೆ ಈ ಐದು ಅಕ್ಷರ ಕೈಗೆ ಹತ್ತಿದರೆ ಸಾಕು, ಮಗು ಸರ, ರಸ, ದರ, ಅಗಸ, ಅರಸ ಎಂದು ಓದಬಲ್ಲದು. ‘ಗರಗಸ’ ಎಂದೂ ಓದಬಲ್ಲದು. ದಾಂಡೇಲಿಯ ನಾಟಾ ಡಿಪೋದ ಆಸುಪಾಸಿನಲ್ಲಿ ಬೆಳೆದ ಮಗುವಿಗೆ ಗರಗಸ ಎಂದರೇನೆಂದು ಯಾರೂ ಚಿತ್ರ ಬರೆದು ತೋರಿಸಬೇಕಾಗಿಲ್ಲ.

ಹಳೆಯ ಕ್ರಮದಲ್ಲಿ ವರ್ಣಮಾಲೆ ಪೂರ್ತಿ ಮುಗಿದು, ಕಾಗುಣಿತ ಮುಗಿದು, ಒತ್ತಕ್ಷರದ ಹೊತ್ತಿಗೆ ಮಗುವಿಗೆ ಓದಿನ ಸುಖ ಸಿಗುತ್ತಿತ್ತು. ಅಷ್ಟರೊಳಗೆ ಎಷ್ಟೋ ಮಕ್ಕಳು ಶಾಲೆಯೆಂದರೆ ಬೇಸರ ಎಂದು ತೀರ್ಮಾನಿಸಿರುತ್ತಿದ್ದರು. ಅಕ್ಷರಗಳು ಅವೇ, ಭಾಷೆಯೂ ಅದೇ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಒಂದು ನಿರ್ಧಾರ ಬದಲಾಯಿತು; ‘ನನಗೆ ಓದಲು ಬರುತ್ತದೆ’ ಎಂಬ ಭರವಸೆ ಮಗುವಿಗೆ ಮೊದಲ ಕೆಲವು ವಾರಗಳಲ್ಲೇ ದಕ್ಕಿತು. ಪಠ್ಯಕ್ರಮದ ವಿನ್ಯಾಸವೆಂದರೆ ತಜ್ಞರ ಸಮಿತಿಗಳಿಗೆ ಬಿಟ್ಟ ಒಣ ವಿಷಯ ಎಂದುಕೊಂಡವರು ಈ ಐದು ಅಕ್ಷರಗಳನ್ನು ಗಮನಿಸಬೇಕು. ಮಗುವಿನ ಉತ್ಸಾಹ ಉಳಿಯುವುದೂ ಆರುವುದೂ ಇಂಥ ನಿರ್ಧಾರಗಳಲ್ಲೇ.

ಈ ಕ್ರಮದ ಹೆಸರು ನಲಿ-ಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಇದು ಶುರುವಾಯಿತು. ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಅಲ್ಲಿನ ಶಿಕ್ಷಕರು ಪಠ್ಯಪುಸ್ತಕವನ್ನು ಬಿಡಿಸಿ, ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದು, ಕಾರ್ಡುಗಳನ್ನು ತಾವೇ ತಯಾರಿಸಿದರು. 2009–10ರಲ್ಲಿ ಇದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಗೋಡೆಯ ಮೇಲೆ ಈ ಹೆಜ್ಜೆಗಳ ಕಲಿಕಾ ಏಣಿ, ನೆಲದ ಮೇಲೆ ಗುಂಪಿಗೊಂದರಂತೆ ಐದು ತಟ್ಟೆ. ಒಂದು ತಟ್ಟೆಯ ಮಕ್ಕಳಿಗೆ ಶಿಕ್ಷಕರೇ ಹೇಳಿಕೊಡುತ್ತಾರೆ, ಇನ್ನೊಂದರಲ್ಲಿ ಗೆಳೆಯರು ನೆರವಾಗುತ್ತಾರೆ, ಕೊನೆಯದರಲ್ಲಿ ಮಗು ತಾನೇ ಮಾಡಿಕೊಳ್ಳುತ್ತದೆ. ಹದಿನೈದು ದಿನ ಜ್ವರದಲ್ಲಿ ಮಲಗಿದ್ದ ಹುಡುಗಿ ಬಂದರೆ ತರಗತಿ ಅವಳನ್ನು ಬಿಟ್ಟು ಮುಂದೆ ಹೋಗಿರುವುದಿಲ್ಲ. ಏಣಿಯಲ್ಲಿ ಬಿಟ್ಟ ಮೆಟ್ಟಿಲಿನಿಂದಲೇ ಹತ್ತುತ್ತಾಳೆ.

ಜೋಯಿಡಾದಂಥ ತಾಲೂಕಿಗೆ ಇದು ಹೇಳಿ ಮಾಡಿಸಿದ ಏರ್ಪಾಡು. ವಿಸ್ತಾರದಲ್ಲಿ ದೊಡ್ಡ ತಾಲೂಕು. 2011ರ ಜನಗಣತಿಯಲ್ಲಿ ಜನಸಂಖ್ಯೆ 50 ಸಾವಿರದ ಆಸುಪಾಸು. ನಾಲ್ಕು ಮನೆ ಇಲ್ಲೊಂದು, ಆರು ಮನೆ ಅಲ್ಲೊಂದು. ಬೆರಳೆಣಿಕೆಯ ಮಕ್ಕಳು, ಒಬ್ಬರೋ ಇಬ್ಬರೋ ಶಿಕ್ಷಕರು, ಒಂದೇ ಕೋಣೆಯಲ್ಲಿ ಮೂರು ತರಗತಿ. ಇಂಥ ಕಡೆ ಎಲ್ಲರಿಗೂ ಒಂದೇ ಪುಟ ತೆರೆಸುವುದು ಸಾಧ್ಯವೇ ಇಲ್ಲ.

ನಲಿ-ಕಲಿ ಮೂರನೇ ತರಗತಿಗೆ ಮುಗಿಯುತ್ತದೆ. ನಾಲ್ಕಕ್ಕೆ ಬಂದ ಮಗುವಿನ ಕೈಯಲ್ಲಿ ಏಣಿ ಇಲ್ಲ, ಪುಸ್ತಕ ಇದೆ. ಆ ಪುಸ್ತಕ ಬೆಂಗಳೂರಿನ ಮಗುವಿಗೂ ಅದೇ, ಬೀದರಿನ ಮಗುವಿಗೂ ಅದೇ, ಎಮ್ಮೆ ಸಾಕುವ ಗೌಳಿಗರ ಕೇರಿಯಾದ ಗೌಳಿವಾಡದ ಮಗುವಿಗೂ ಅದೇ. ಕಳೆದುಕೊಂಡ ಮೆಟ್ಟಿಲಿಗೆ ಹಿಂತಿರುಗುವ ದಾರಿ ಅದರಲ್ಲಿಲ್ಲ, ಮಗುವಿನ ಮನೆಯಿಂದ ಹೊರಡುವ ದಾರಿಯೂ ಇಲ್ಲ. ಜೋಯಿಡಾ, ದಾಂಡೇಲಿ, ಹಳಿಯಾಳ, ಮುಂಡಗೋಡ ಈ ನಾಲ್ಕು ತಾಲೂಕುಗಳಲ್ಲಿ ಶಿಕ್ಷಣದ ಚರ್ಚೆ ಬಿಸಿಯೂಟ, ಕಟ್ಟಡ, ಶಿಕ್ಷಕರ ಕೊರತೆಗಳ ಸುತ್ತಲೇ ಸುತ್ತುತ್ತದೆ. ಅವೆಲ್ಲ ಬೇಕು. ಅವುಗಳ ಜೊತೆಗೆ ನಾಲ್ಕರಿಂದ ಏಳನೇ ತರಗತಿಯವರೆಗಿನ ಪಾಠಗಳ ಮೊದಲ ಮೆಟ್ಟಿಲನ್ನು ಊರಿನ ನೆಲದ ಮೇಲೆ ಇಡುವ ಅಧಿಕಾರ ಇಲ್ಲಿನ ಶಿಕ್ಷಕರಿಗೆ ಸಿಗಲೇಬೇಕು.

ಭಾಷೆಯಿಂದಲೇ ನೋಡಬಹುದು. ಗರಗಸ ಮಗುವಿಗೆ ಗೊತ್ತು, ಆದರೆ ಕೊಂಕಣಿ, ಮರಾಠಿ ಮನೆಗಳಲ್ಲಿ ಅದರ ಹೆಸರು ಕರವತ. ಕುಣಬಿಗಳದು ಒಂದು ಬಗೆಯ ಕೊಂಕಣಿ, ಸಿದ್ದಿಗಳದು ಇನ್ನೊಂದು ಬಗೆ, ಗೌಳಿಗರದು ಮರಾಠಿಯ ಒಂದು ಒಳನುಡಿ, ಮುಂಡಗೋಡದ ಟಿಬೆಟನ್ನರ ಕ್ಯಾಂಪುಗಳಲ್ಲಿ ಟಿಬೆಟನ್. ಕನ್ನಡ ಇವರೆಲ್ಲರನ್ನೂ ಬೆಸೆಯುವ ನುಡಿ, ಶಾಲೆಯಲ್ಲಿ ಗಟ್ಟಿಯಾಗಿ ಕಲಿಯಬೇಕಾದ ನುಡಿ. ಕನ್ನಡ ಚೆನ್ನಾಗಿ ಬೇರೂರಬೇಕೆಂದರೆ ಮನೆಮಾತಿನ ಸೇತುವೆ ಬೇಕು. ಎಸ್ಸೆಸ್ಸೆಲ್ಸಿಯ ಲೆಕ್ಕ ಬಹುಕಾಲದಿಂದ 625 ಅಂಕಗಳದು. ಅದರಲ್ಲಿ ಪ್ರಥಮ ಭಾಷೆಗೆ 125, ಉಳಿದೆರಡಕ್ಕೆ ನೂರು ನೂರು, ಒಟ್ಟು 325. ಕನ್ನಡ, ಇಂಗ್ಲಿಷ್, ಹಿಂದಿ ತೆಗೆದುಕೊಂಡ ಕುಣಬಿ ಹುಡುಗನಿಗೆ ಅರ್ಧಕ್ಕಿಂತ ಹೆಚ್ಚು ಅಂಕ ಮನೆಯಲ್ಲಿ ಕೇಳದ ಭಾಷೆಗಳಲ್ಲಿವೆ. ಕೊಂಕಣಿಯನ್ನು ಆರನೇ ತರಗತಿಯಿಂದ ತೃತೀಯ ಭಾಷೆಯಾಗಿ ಕಲಿಯಲು 2007ರಲ್ಲಿ ಅವಕಾಶ ದೊರೆತದ್ದು ಒಳ್ಳೆಯದೇ. ಆದರೆ ಸೇತುವೆ ಬೇಕಾದದ್ದು ಹೊಳೆಯ ಈ ದಡದಲ್ಲಿ, ಒಂದನೇ ತರಗತಿಯಲ್ಲಿ. ಒಡಿಶಾ ರಾಜ್ಯ ಅದೇ 2007ರಲ್ಲಿ ಬುಡಕಟ್ಟು ಮಕ್ಕಳಿಗೆ ಮನೆಮಾತಿನಲ್ಲಿ ಓದು ಆರಂಭಿಸಿ, ವರ್ಷ ಕಳೆದಂತೆ ಒಡಿಯಾಕ್ಕೆ ದಾಟಿಸುವ ಪಠ್ಯಗಳನ್ನು ರೂಪಿಸಿತು. ಇಲ್ಲಿ ಆರಂಭಕ್ಕೆ ಸಿದ್ದಿ ಕೊಂಕಣಿಯ ನೂರು ಪದ, ಗೌಳಿ ಮರಾಠಿಯ ನೂರು ಪದ, ಪಕ್ಕದಲ್ಲಿ ಅವುಗಳ ಕನ್ನಡ ರೂಪ. ಇಷ್ಟನ್ನು ಕನ್ನಡ ಲಿಪಿಯಲ್ಲಿ ಕಾರ್ಡಿಗೆ ಏರಿಸುವುದು ಹಳಿಯಾಳದ ಶಿಕ್ಷಕರಿಗೆ ಅಸಾಧ್ಯವೇನಲ್ಲ.

ಗಣಿತದ ಕಷ್ಟ ಬೇರೆ. ಅದು ಕಲ್ಲಿನ ಮೇಲೆ ಕಲ್ಲು ಇಟ್ಟ ಗೋಡೆ. ಕೆಳಗೊಂದು ಕಲ್ಲು ತಪ್ಪಿದರೆ ಮೇಲಿನದು ನಿಲ್ಲುವುದಿಲ್ಲ. ಇತಿಹಾಸದ ಮೂರನೇ ಪಾಠ ತಪ್ಪಿಸಿಕೊಂಡವನು ನಾಲ್ಕನೆಯದನ್ನು ಓದಿಕೊಳ್ಳಬಹುದು, ಆದರೆ ಭಾಗಾಕಾರ ತಪ್ಪಿಸಿಕೊಂಡವನಿಗೆ ಭಿನ್ನರಾಶಿ ಕತ್ತಲೆ. ಆದ್ದರಿಂದ ಗಣಿತಕ್ಕೆ ಏಳನೇ ತರಗತಿಯವರೆಗೂ ಏಣಿ ಬೇಕು. ಏಣಿಯ ಬುಡಕ್ಕೆ ಬೇಕಾದ ಸಾಮಗ್ರಿ ಗೌಳಿವಾಡದಲ್ಲೇ ಇದೆ. ಬೆಳಗ್ಗೆ ಎಮ್ಮೆ ಹಾಲನ್ನು ಅಳೆದು ಕೊಟ್ಟು ಬರುವ ಹುಡುಗಿಗೆ ಕಾಲು, ಅರ್ಧ, ಮುಕ್ಕಾಲು ಲೀಟರ್ ಚೆನ್ನಾಗಿ ಗೊತ್ತು. ಎರಡು ಕಾಲು ಸೇರಿದರೆ ಅರ್ಧ ಎಂಬುದನ್ನು ಅವಳು ದಿನವೂ ಮಾಡುತ್ತಾಳೆ. ಕರಿಹಲಗೆಯ ಮೇಲೆ ಅದು ಗೆರೆಯ ಮೇಲೊಂದು, ಗೆರೆಯ ಕೆಳಗೊಂದು ಅಂಕಿಯಾಗಿ ಬಂದಾಗ ತನ್ನ ಹಾಲಿನ ಅಳತೆಯೇ ಇದು ಎಂದು ಅವಳಿಗೆ ಯಾರಾದರೂ ಹೇಳಬೇಕು.

ವಿಜ್ಞಾನಕ್ಕೆ ಈ ತಾಲೂಕುಗಳಿಗಿಂತ ದೊಡ್ಡ ಪ್ರಯೋಗಶಾಲೆ ಎಲ್ಲಿದೆ? ಬೀಜ ಪ್ರಸಾರದ ಪಾಠಕ್ಕೆ ದಾಂಡೇಲಿಯ ಮಂಗಟ್ಟೆ ಹಕ್ಕಿಗಿಂತ ಒಳ್ಳೆಯ ಮೇಷ್ಟ್ರು ಸಿಗಲಾರರು. ಹಣ್ಣು ನುಂಗಿ ದೂರ ಹಾರಿ ಬೀಜ ಉದುರಿಸುವ ಈ ಹಕ್ಕಿಗಾಗಿ 2011ರಲ್ಲಿ ಕಾಳಿ ಕಣಿವೆಯಲ್ಲಿ ಸಂರಕ್ಷಿತ ಪ್ರದೇಶವನ್ನೇ ಘೋಷಿಸಲಾಗಿದೆ. ಮರದ ಪೊಟರೆಯೊಳಗೆ ಹೆಣ್ಣು ತನ್ನನ್ನು ತಾನೇ ಮುಚ್ಚಿಕೊಂಡು ಮೊಟ್ಟೆಗೆ ಕಾವು ಕೊಡುವಾಗ ಗಂಡು ಸಣ್ಣ ಕಿಂಡಿಯಿಂದ ಉಣಿಸುವುದನ್ನು ಕಂಡ ಮಕ್ಕಳು ಆ ತರಗತಿಯಲ್ಲೇ ಕೂತಿರುತ್ತಾರೆ. ಬೇರು, ಕಾಂಡದ ಪಾಠಕ್ಕೆ ಕುಣಬಿಗಳ ಹಿತ್ತಲಿದೆ. ಸಿಹಿಗೆಣಸು ಬೇರು, ಸುವರ್ಣಗೆಡ್ಡೆ ಕಾಂಡ. ಕೆಸುವಿನ ಜಾತಿಯ ಮುಡ್ಲಿ ಯಾವುದು? ಕೆಸು ತುರಿಸುವುದೇಕೆ, ಅಮ್ಮ ಹುಳಿ ಹಾಕಿ ಬೇಯಿಸುವುದೇಕೆ? ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳ ಕಥೆ ಈ ಪ್ರಶ್ನೆಯ ಬೆನ್ನಿಗೇ ಬಂದರೆ ರಸಾಯನಶಾಸ್ತ್ರ ಯಾರಿಗೂ ಅಪರಿಚಿತ ಎನಿಸುವುದಿಲ್ಲ.

ಸಮಾಜ ವಿಜ್ಞಾನದಲ್ಲಿ ಅಣೆಕಟ್ಟುಗಳ ಪಟ್ಟಿ ಇರುತ್ತದೆ. ಜೋಯಿಡಾದ ಮಕ್ಕಳಿಗೆ ಅಣೆಕಟ್ಟು ಪಟ್ಟಿಯ ಸಾಲಲ್ಲ, ಮನೆತನದ ಕಥೆ. 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ ಸೂಪಾ ಪೇಟೆಯೇ ಮುಳುಗಿತು, ತಾಲೂಕು ಕೇಂದ್ರ ಜೋಯಿಡಾಕ್ಕೆ ಬಂತು, ನಿರಾಶ್ರಿತರಿಗಾಗಿ ರಾಮನಗರ ಎದ್ದಿತು. ನಾಡಿಗೆ ಬೆಳಕು ಕೊಟ್ಟ ಯೋಜನೆಗೆ ತೆತ್ತ ಬೆಲೆ ಏನೆಂಬುದನ್ನು ಅಜ್ಜಿಯ ಬಾಯಿಂದ ಕೇಳಿ ಬರೆದು ತರುವ ಮಗು ಇತಿಹಾಸಕಾರನ ಕೆಲಸದ ಮೊದಲ ಪಾಠ ಕಲಿತಿರುತ್ತದೆ. ಆಟದ ಪಾಠಕ್ಕೂ ಊರಿನಲ್ಲೇ ಬುಡವಿದೆ. ಹಳಿಯಾಳದ ಕುಸ್ತಿ ಅಖಾಡದಲ್ಲಿ ಪಟ್ಟು ಕಲಿಯುವ ಹುಡುಗಿಯರು ನಸುಕಿಗೇ ಎದ್ದು, ಯಾರ ಒತ್ತಾಯವೂ ಇಲ್ಲದೆ ಬೆವರು ಹರಿಸುತ್ತಾರೆ. ಅವರ ಕಲಿಕೆಗೂ ಒಂದು ಕ್ರಮವಿದೆ, ಏಣಿಯಿದೆ, ಪ್ರತಿ ಮೆಟ್ಟಿಲಿನಲ್ಲೂ ಗೆಲುವಿನ ಅನುಭವವಿದೆ. ಆದರೆ ದೈಹಿಕ ಶಿಕ್ಷಣಕ್ಕೆ ಎಸ್ಸೆಸ್ಸೆಲ್ಸಿಯ ಆ 625 ಅಂಕಗಳಲ್ಲಿ ಜಾಗವಿಲ್ಲ.

ಇಷ್ಟು ಹೇಳುವಾಗ ಗಂಭೀರವಾದ ಒಂದು ಆಕ್ಷೇಪ ಬರುತ್ತದೆ. ಕಾಡಿನ ಮಕ್ಕಳಿಗೆ ಕಾಡಿನ ಪಾಠ ಹೇಳಿದರೆ ಅವರು ಕಾಡಿನಲ್ಲೇ ಉಳಿದುಬಿಡುವುದಿಲ್ಲವೇ? ಮಗಳು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಲಿ ಎಂದು ಹಂಬಲಿಸುವ ತಂದೆಗೆ ಗೆಡ್ಡೆ ಗೆಣಸಿನ ಪಾಠ ಮೋಸವೆನಿಸಬಹುದು. ಈ ಅಂಜಿಕೆ ನ್ಯಾಯವಾದದ್ದು. ಉತ್ತರ ದೂರದಲ್ಲಿಲ್ಲ, ಮುಂಡಗೋಡದಲ್ಲೇ ಇದೆ.

1966ರಲ್ಲಿ ನೆಲೆಗೊಂಡ ಮುಂಡಗೋಡದ ಟಿಬೆಟನ್ ವಸತಿಯಲ್ಲಿ ಡ್ರೆಪುಂಗ್, ಗಾಂಡೆನ್ ಮಹಾವಿಹಾರಗಳಿವೆ. ಅಲ್ಲಿನ ಎಳೆಯ ಭಿಕ್ಷುಗಳ ತರ್ಕಶಿಕ್ಷಣ ಆರಂಭವಾಗುವುದು ಬಣ್ಣಗಳಿಂದ. ಬಣ್ಣವಾದುದೆಲ್ಲ ಕೆಂಪೇ? ಹಾಗಿದ್ದರೆ ಬಿಳಿ ಶಂಖದ ಬಣ್ಣಕ್ಕೆ ಏನೆನ್ನುತ್ತೀ? ಒಬ್ಬ ಎದ್ದು ನಿಂತು ಚಪ್ಪಾಳೆ ತಟ್ಟಿ ಪ್ರಶ್ನೆ ಎಸೆಯುತ್ತಾನೆ, ಕುಳಿತವನು ತಡವರಿಸದೆ ಉತ್ತರಿಸಬೇಕು. ಕಣ್ಣಿಗೆ ಕಾಣುವುದರಿಂದ ಹೊರಟ ಈ ಪಠ್ಯಕ್ರಮ ವರ್ಷಗಳ ನಂತರ ಪ್ರಮಾಣಶಾಸ್ತ್ರ, ಮಾಧ್ಯಮಿಕ ದರ್ಶನಗಳಿಗೆ ಮುಟ್ಟುತ್ತದೆ. ದಲೈ ಲಾಮಾ ಅವರ ಆಹ್ವಾನದ ಮೇರೆಗೆ ಅಮೆರಿಕದ ಎಮರಿ ವಿಶ್ವವಿದ್ಯಾಲಯ ಭಿಕ್ಷುಗಳಿಗಾಗಿ ವಿಜ್ಞಾನದ ಪಠ್ಯಕ್ರಮ ರೂಪಿಸಿ, 2008ರಿಂದ ಪ್ರಾಯೋಗಿಕವಾಗಿ ಕಲಿಸಿ, 2014ರಿಂದ ಮುಂಡಗೋಡ, ಬೈಲಕುಪ್ಪೆಗಳ ವಿಹಾರಗಳಲ್ಲಿ ಆರು ವರ್ಷಗಳ ಓದಾಗಿ ತಂದಿತು. ಭೌತಶಾಸ್ತ್ರ, ಜೀವಶಾಸ್ತ್ರ, ನರವಿಜ್ಞಾನದ ಪುಸ್ತಕಗಳು ಟಿಬೆಟನ್ ಮತ್ತು ಇಂಗ್ಲಿಷ್ ಎರಡರಲ್ಲೂ ಬಂದವು. ಹೊಸ ಪದಗಳನ್ನು ಟಿಬೆಟನ್ನಿನಲ್ಲೇ ಕಟ್ಟಲಾಯಿತು. 2017ರ ಡಿಸೆಂಬರಿನಲ್ಲಿ ಡ್ರೆಪುಂಗ್ ಲೋಸೆಲಿಂಗ್‌ನಲ್ಲಿ ಧ್ಯಾನ ಮತ್ತು ವಿಜ್ಞಾನ ಕೇಂದ್ರವೇ ತೆರೆಯಿತು. ಭಿಕ್ಷುಗಳು ಪರಂಪರೆಯನ್ನು ಬಿಟ್ಟು ವಿಜ್ಞಾನಕ್ಕೆ ಹೋಗಲಿಲ್ಲ. ತರ್ಕದ ಅಂಗಳದಲ್ಲಿ ಪಳಗಿದ ಮನಸ್ಸಿನಿಂದಲೇ ನರಕೋಶದ ಬಗ್ಗೆ ವಾದಿಸಿದರು. ಶಂಖದ ಬಣ್ಣದಿಂದ ನರವಿಜ್ಞಾನದವರೆಗೆ ಹತ್ತಬಹುದಾದರೆ, ಮುಡ್ಲಿಯಿಂದ ರಸಾಯನಶಾಸ್ತ್ರದವರೆಗೆ ಹತ್ತಲಾಗದೇ?

ಅಮೆರಿಕದ ಮನೋವಿಜ್ಞಾನಿ ಜೆರೋಮ್ ಬ್ರೂನರ್ 1960ರಲ್ಲಿ ಪ್ರತಿಪಾದಿಸಿದ ಸುರುಳಿ ಪಠ್ಯಕ್ರಮದ ಸಾರವೂ ಇದೇ. ಯಾವ ವಿಷಯವನ್ನೇ ಆಗಲಿ ಎಳೆಯರಿಗೆ ಅವರ ಮಟ್ಟದಲ್ಲಿ ಪ್ರಾಮಾಣಿಕವಾಗಿ ಹೇಳಬಹುದು. ಮುಂದಿನ ವರ್ಷಗಳಲ್ಲಿ ಅದಕ್ಕೇ ಮರಳಿ ಬಂದು ಆಳವಾಗಿಸುತ್ತ ಹೋಗಬೇಕು. ನಮ್ಮ ದೇಶದಲ್ಲಿ 1993ರ ಯಶಪಾಲ್ ಸಮಿತಿ ಹೊರೆಯಿಲ್ಲದ ಕಲಿಕೆ ಬೇಕೆಂದಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಶಾಲೆಯ ತಿಳಿವನ್ನು ಹೊರಗಿನ ಬದುಕಿಗೆ ಜೋಡಿಸುವುದನ್ನು ತನ್ನ ಮೊದಲ ತತ್ವವಾಗಿಸಿಕೊಂಡಿತು. ಕಾಗದದ ಮೇಲೆ ಒಪ್ಪಿಗೆ ಎಂದೋ ಸಿಕ್ಕಿದೆ.

ತೊಡಕಿರುವುದು ಪರೀಕ್ಷೆಯಲ್ಲಿ. ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1972ರಲ್ಲಿ 16 ಶಾಲೆಗಳಿಂದ ಹೊರಟ ವಿಜ್ಞಾನ ಬೋಧನಾ ಕಾರ್ಯಕ್ರಮ ಈ ಸತ್ಯವನ್ನು ಮೊದಲೇ ಕಂಡುಕೊಂಡಿತ್ತು. ಹಳ್ಳಿಯ ಮಕ್ಕಳು ಕೈಯಾರೆ ಪ್ರಯೋಗ ಮಾಡಿ ಕಲಿತರು, ಪರೀಕ್ಷೆಗೆ ಪುಸ್ತಕ ತೆರೆದಿಟ್ಟುಕೊಂಡೇ ಕೂತರು. ಮಾಡಿ ಕಲಿತದ್ದನ್ನು ಬಾಯಿಪಾಠದ ಪ್ರಶ್ನೆಯಿಂದ ಅಳೆದರೆ ಮಾಡುವುದು ನಿಂತುಹೋಗುತ್ತದೆ ಎಂದು ಅದನ್ನು ಕಟ್ಟಿದವರಿಗೆ ಗೊತ್ತಿತ್ತು. ಮೂವತ್ತು ವರ್ಷ ನಡೆದ ಆ ಕಾರ್ಯಕ್ರಮವನ್ನು 2002ರಲ್ಲಿ ಸರ್ಕಾರ ನಿಲ್ಲಿಸಿತು. ಒಳ್ಳೆಯ ವಿನ್ಯಾಸಕ್ಕೂ ಬೆಂಬಲ ತಪ್ಪಬಹುದು ಎಂಬುದಕ್ಕೆ ಇದಕ್ಕಿಂತ ನೋವಿನ ನಿದರ್ಶನ ಬೇಕಿಲ್ಲ.

ಶಿಕ್ಷಕರ ಹುಮ್ಮಸ್ಸಿನ ಮಾತೂ ಇದೆ. ಹೆಗ್ಗಡದೇವನಕೋಟೆಯಲ್ಲಿ ಕಾರ್ಡು ಬರೆದವರೇ ಅದನ್ನು ಕಲಿಸಿದರು. ನಲಿ-ಕಲಿ ರಾಜ್ಯಕ್ಕೆಲ್ಲ ಹರಡಿದಾಗ ಕಾರ್ಡುಗಳು ಅಚ್ಚಾಗಿ ಪೆಟ್ಟಿಗೆಯಲ್ಲಿ ಬಂದವು. ತಾನು ಕಟ್ಟಿದ್ದನ್ನು ಕಲಿಸುವವರ ಉತ್ಸಾಹ, ಬಂದದ್ದನ್ನು ಹಂಚುವವರಲ್ಲಿ ಉಳಿಯುವುದು ಕಷ್ಟ. ದಾಖಲೆ, ಗಣತಿ, ಮೊಟ್ಟೆ ವಿತರಣೆ, ಆ್ಯಪ್‌ಗೆ ಮಾಹಿತಿ ತುಂಬುವುದು, ಇವೆಲ್ಲದರ ನಡುವೆ ಹೊಸ ಕಾರ್ಡು ಬರೆಯಿರಿ ಎಂದರೆ ಅವರು ಬೇಸರಪಡುವುದು ಸಹಜ. ಬರೆಯುವ ಕೆಲಸಕ್ಕೆ ಸಮಯ ಕೊಟ್ಟು, ಅದನ್ನು ಕೆಲಸವೆಂದು ಲೆಕ್ಕಕ್ಕೆ ಹಿಡಿಯಬೇಕು.

ಹಾಗಾಗಿ ಕೇಳಬೇಕಾದದ್ದು ದೊಡ್ಡ ಕ್ರಾಂತಿಯನ್ನಲ್ಲ. ರಾಜ್ಯದ ಪಠ್ಯಪುಸ್ತಕ ಇರಲಿ, ಕಲಿಕಾ ಫಲಗಳೂ ಎಲ್ಲರಿಗೂ ಒಂದೇ ಇರಲಿ. ಕ್ಲಸ್ಟರಿನ ಸಮಾಲೋಚನಾ ಸಭೆಗಳಲ್ಲಿ ಕೆಲವನ್ನಾದರೂ ಸುತ್ತೋಲೆ ಓದುವುದಕ್ಕೆ ಬದಲು ಊರಿನ ಪಾಠ ಬರೆಯುವುದಕ್ಕೆ ಮೀಸಲಿಡಲಿ, ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್) ಅವನ್ನು ತಿದ್ದಿ ಅಚ್ಚು ಹಾಕಲಿ. ವರ್ಷದ ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳಲ್ಲಿ ಒಂದನ್ನು ಪೂರ್ತಿಯಾಗಿ ಮಕ್ಕಳು ಊರಿನಲ್ಲಿ ಮಾಡಿ ಕಲಿಯುವ ಕೆಲಸಕ್ಕೆ ಬಿಡಲಿ. ಗಣಿತದ ಏಣಿಯನ್ನು ನಾಲ್ಕು, ಐದನೇ ತರಗತಿಗೆ ಮುಂದುವರಿಸುವ ಪ್ರಯೋಗ ಜೋಯಿಡಾದ ಸಣ್ಣ ಶಾಲೆಗಳಿಂದಲೇ ಶುರುವಾಗಲಿ.

ಜೋಯಿಡಾದಲ್ಲಿ ಜನವರಿಯ ಹೊತ್ತಿಗೆ ಗೆಡ್ಡೆ ಗೆಣಸು ಮೇಳ ನಡೆಯುತ್ತದೆ. ಕುಣಬಿ ರೈತರು ಆಳೆತ್ತರಕ್ಕೆ ಬೆಳೆದ ಮುಡ್ಲಿಯನ್ನೂ ಕೋನ ಎಂಬ ಬಗೆಬಗೆಯ ಗೆಡ್ಡೆಗಳನ್ನೂ ಹೊತ್ತು ತರುತ್ತಾರೆ. ಬೇರು, ಕಾಂಡದ ಪಾಠವನ್ನು ಆ ವಾರಕ್ಕೆ ಹೊಂದಿಸಿಟ್ಟರೆ, ಐದನೇ ತರಗತಿಯ ಹುಡುಗ ನೋಟ್‌ಬುಕ್ಕು ಹಿಡಿದು ಮೇಳಕ್ಕೆ ಹೋಗಿ ಅಳೆದು, ತೂಗಿ, ಚಿತ್ರ ಬರೆದು, ಬೆಲೆ ಕೇಳಿ, ಕೊಂಕಣಿ ಹೆಸರಿನ ಪಕ್ಕ ಕನ್ನಡದ ಹೆಸರು ಬರೆದುಕೊಂಡು ಬರಬಹುದು. ಮಳಿಗೆಯಲ್ಲಿ ಕೂತು ಉತ್ತರ ಹೇಳುವ ಹೆಂಗಸು ಅವನ ಅಜ್ಜಿಯೇ ಆಗಿರಬಹುದು, ಅಂದಿನ ಮಟ್ಟಿಗೆ ಅವಳೇ ಟೀಚರ್.