ಗೂಲ್ಡ್ ಮೊಜಾರ್ಟ್‌ನನ್ನು ಕೆಡಿಸಿದರೇ?

ಮೊಜಾರ್ಟ್‌ನ ಎ ಮೇಜರ್ ಸೊನಾಟಾ (ಕೆ. 331) ಪಿಯಾನೊ ಕಲಿಯುವ ಮಕ್ಕಳಿಗೂ ಗೊತ್ತು. ಶುರುವಿಗೆ ಜೋಗುಳದಂತೆ ತೂಗುವ ಒಂದು ಮಟ್ಟು, ಅದರ ಬೆನ್ನಿಗೆ ಆರು ರೂಪಾಂತರಗಳು. ಕೆನಡಾದ ಪಿಯಾನೊ ವಾದಕ ಗ್ಲೆನ್ ಗೂಲ್ಡ್ (1932–1982) ನುಡಿಸಿದ್ದನ್ನು ಕೇಳಿದರೆ ಆ ತೂಗಾಟವೇ ಇಲ್ಲ. ಸ್ವರಗಳು ಒಂದನ್ನೊಂದು ಮುಟ್ಟದೆ, ತೀರಾ ನಿಧಾನವಾಗಿ ಬಿಡಿಬಿಡಿಯಾಗಿ ಬೀಳುತ್ತವೆ. ಮುಂದೆ ಒಂದೊಂದು ರೂಪಾಂತರಕ್ಕೂ ವೇಗ ಏರುತ್ತದೆ. ಐದನೆಯದರ ನೆತ್ತಿಯ ಮೇಲೆ ಮೊಜಾರ್ಟ್ 'ಅಡಾಜಿಯೊ', ಅಂದರೆ ನಿಧಾನ, ಎಂದು ಬರೆದಿದ್ದಾನೆ. ಗೂಲ್ಡ್ ಅದನ್ನು ಲೆಕ್ಕಿಸದೆ ಚುರುಕಾಗಿ ಸಾಗುತ್ತಾರೆ. ಕೊನೆಯಲ್ಲಿ, ಬಹುತೇಕರು ಓಡಿಸುವ 'ಟರ್ಕಿಶ್ ಮಾರ್ಚ್' ಬಂದಾಗ ಅವರು ಹೆಜ್ಜೆ ಎಣಿಸುವವರಂತೆ ನಡೆಯುತ್ತಾರೆ.

ಈ ನುಡಿಸುವಿಕೆಯ ಸುತ್ತ ಇಷ್ಟೊಂದು ಜಗಳ ಏಕೆ? ನಮ್ಮ ಸಂಗೀತದಲ್ಲಿ ಮನೋಧರ್ಮಕ್ಕೆ ದೊಡ್ಡ ಜಾಗವಿದೆ. ಆದರೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಸ್ವರಗಳಷ್ಟೇ ಅಲ್ಲ, ನಡೆ, ಒತ್ತು, ಜೋರು, ಮೆಲು ಎಲ್ಲವೂ ಬಹುಮಟ್ಟಿಗೆ ರಚನಕಾರ ಬರೆದಿಟ್ಟದ್ದೇ. ಅದನ್ನು ಮೀರಿದರೆ ಅಪಚಾರ ಎನ್ನುವವರು ಇಂದಿಗೂ ಇದ್ದಾರೆ. ಗೂಲ್ಡ್ ಅವರಂತೂ ಬೆಂಕಿಗೆ ತುಪ್ಪ ಸುರಿದರು. 1964ರಲ್ಲಿ ಕಛೇರಿಗಳಿಗೆ ವಿದಾಯ ಹೇಳಿ, 1965ರಿಂದ 1974ರವರೆಗೆ ಮೊಜಾರ್ಟ್‌ನ ಸೊನಾಟಾಗಳನ್ನು ಧ್ವನಿಮುದ್ರಿಸುತ್ತ ಹೋದರು. ಆ ನಡುವೆಯೇ, 1968ರಲ್ಲಿ, ಮೊಜಾರ್ಟ್ ಹೇಗೆ ಕೆಟ್ಟ ರಚನಕಾರನಾದ ಎಂಬುದನ್ನೇ ವಿಷಯವಾಗಿಸಿ ಅಮೆರಿಕದ ಟಿ.ವಿ.ಯಲ್ಲಿ ಕಾರ್ಯಕ್ರಮ ಕೊಟ್ಟರು. ಅಭಿಮಾನಿಗಳಿಗೂ ಇದನ್ನು ಜೀರ್ಣಿಸಿಕೊಳ್ಳುವುದು ಕಷ್ಟವಾಯಿತು.

ಆದರೆ ಬರೆದದ್ದನ್ನು ಮೀರಿದ್ದೇ ತಪ್ಪು ಎಂಬ ವಾದ ನಿಲ್ಲುವುದಿಲ್ಲ. ಬೀಥೋವನ್ ತನ್ನ ಪಿಯಾನೊ ಸೊನಾಟಾಗಳಲ್ಲಿ ಮೆಟ್ರೊನೋಮ್ ಅಳತೆ, ಅಂದರೆ ನಿಮಿಷಕ್ಕೆ ಇಷ್ಟು ಬಡಿತ ಎಂಬ ಲೆಕ್ಕ, ಕೊಟ್ಟದ್ದು 'ಹ್ಯಾಮರ್‌ಕ್ಲಾವಿಯರ್' ಒಂದಕ್ಕೆ ಮಾತ್ರ. ಅದರ ಮೊದಲ ಭಾಗಕ್ಕೆ ನಿಮಿಷಕ್ಕೆ 138 ಬಡಿತ (ಒಂದು ಬಡಿತಕ್ಕೆ ಒಂದು 'ಹಾಫ್ ನೋಟ್') ಎಂದಿದ್ದಾನೆ. ಆ ವೇಗ ಮುಟ್ಟುವವರು ಬೆರಳೆಣಿಕೆಯಷ್ಟು. ಉಳಿದ ದೊಡ್ಡ ದೊಡ್ಡ ಕಲಾವಿದರು ಅದನ್ನು ಸದ್ದಿಲ್ಲದೆ ಇಳಿಸುತ್ತಾರೆ, ಯಾರೂ ಅಪಚಾರ ಎನ್ನುವುದಿಲ್ಲ. ಮುದ್ರಿತ ಪ್ರತಿಯೂ ಕಲ್ಲಿನಲ್ಲಿ ಕೆತ್ತಿದ್ದಲ್ಲ: ಇದೇ ಕೆ. 331ರ ನಾಲ್ಕು ಹಸ್ತಪ್ರತಿ ಪುಟಗಳು 2014ರಲ್ಲಿ ಬುಡಾಪೆಸ್ಟ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಸಿಕ್ಕಾಗ, ಜನ ತಲೆಮಾರುಗಳಿಂದ ನುಡಿಸುತ್ತಿದ್ದ ಪಾಠಕ್ಕೂ ಅವಕ್ಕೂ ಅಲ್ಲಲ್ಲಿ ವ್ಯತ್ಯಾಸ ಕಂಡಿತು.

ಹಾಗಾಗಿ ಗೂಲ್ಡ್ ಅವರನ್ನು ಅಳೆಯಬೇಕಾದ ಕೋಲು ಬೇರೆ. ಬದಲಾವಣೆಯಿಂದ ಕೃತಿಯೊಳಗಿನ ಏನಾದರೂ ಹೊಸದಾಗಿ ಕಿವಿಗೆ ಬಿತ್ತೇ? ಕೆ. 331ರಲ್ಲಿ ಖಂಡಿತ ಬೀಳುತ್ತದೆ. ಗೊತ್ತಿದ್ದ ಮಟ್ಟನ್ನೇ ಬಿಡಿಸಿಟ್ಟು, ಹಂತಹಂತವಾಗಿ ಕಟ್ಟುತ್ತ ಹೋಗುವುದರಿಂದ ಆರು ರೂಪಾಂತರಗಳು ಒಂದೇ ಏರುದಾರಿಯಾಗುತ್ತವೆ. ಬೇರೆಯವರ ಕೈಯಲ್ಲಿ ಬರೀ ಹಿಮ್ಮೇಳವಾಗುವ ಎಡಗೈ ಇಲ್ಲಿ ತಾನೂ ಒಂದು ದನಿಯಾಗುತ್ತದೆ. ಹಲವು ದನಿಗಳು ಹೆಣೆದುಕೊಳ್ಳುವ ಬಾಖ್‌ನ ಸಂಗೀತದಲ್ಲಿ ಪಳಗಿದ ಕೈ ಅದು.

ಬೀಥೋವನ್‌ನ 'ಅಪ್ಪಾಸಿಯೊನಾಟಾ' ಸೊನಾಟಾದ ವಿಷಯದಲ್ಲಿ ಮಾತ್ರ ಗೂಲ್ಡ್ ಅವರ ಪರ ವಹಿಸಲಾಗದು. ಸಾಮಾನ್ಯವಾಗಿ ಹತ್ತು ನಿಮಿಷದ ಆಸುಪಾಸಿನಲ್ಲಿ ಮುಗಿಯುವ ಮೊದಲ ಭಾಗವನ್ನು ಸುಮಾರು 15 ನಿಮಿಷಕ್ಕೆ ಎಳೆದಿದ್ದಾರೆ. ನಿಧಾನವೇ ದೋಷವಲ್ಲ. ಒಳಗೆ ಕುದಿಯಬೇಕಾದ ಸಂಗೀತ ಅಲ್ಲಿ ತಣ್ಣಗೆ ಕೂತಿದೆ, ಆ ನಿಧಾನದಿಂದ ತೆರೆದುಕೊಂಡ ಒಂದು ಒಳದನಿಯೂ ಇಲ್ಲ. ಧ್ವನಿಮುದ್ರಿಕೆಯ ಜೊತೆಗಿನ ಟಿಪ್ಪಣಿಯಲ್ಲೇ ಗೂಲ್ಡ್ ಈ ಕೃತಿಯನ್ನು ಆಡಂಬರದ್ದೆಂದು ಹಳಿದಿದ್ದಾರೆ. ಒಲ್ಲದ ಕೃತಿಯನ್ನು ನುಡಿಸದೇ ಬಿಡುವ ಸ್ವಾತಂತ್ರ್ಯ ಅವರಿಗಿತ್ತು. ನುಡಿಸಿ ಅದನ್ನು ಸಣ್ಣದು ಮಾಡಿ ತೋರಿಸಿದ್ದು ಬೀಥೋವನ್‌ಗೂ ಕೇಳುಗರಿಗೂ ಮಾಡಿದ ಅನ್ಯಾಯ.

ಸೊನಾಟಾಗಳಿಗೆ ಹೊಸಬರಾದವರು ಗೂಲ್ಡ್ ಅವರಿಂದ ಶುರುಮಾಡಬಾರದು. ಪೋರ್ಚುಗಲ್‌ನ ಮರಿಯಾ ಜುವಾವ್ ಪಿರೆಸ್ ನುಡಿಸಿದ ಕೆ. 331 ಮೊದಲು ಕಿವಿಯಲ್ಲಿ ಕೂರಲಿ, ಗೂಲ್ಡ್ ಅವರದು ಆಮೇಲೆ ಬರಲಿ. ಐದನೆಯ ರೂಪಾಂತರದಲ್ಲಿ ಇಬ್ಬರ ದಾರಿ ಎಷ್ಟು ದೂರ ಸರಿಯುತ್ತದೆ ಎನ್ನುವುದಕ್ಕೆ ಆಗ ವಿಮರ್ಶಕರನ್ನು ಕೇಳಬೇಕಾಗಿಲ್ಲ.